ಹಂಚಿನ ಮೇಲಿರುವ 1865: ತಯಾರಾದ ವರ್ಷವೇ?

ಮಾಡಿನಡಿ: ಮಂಗಳೂರಿನ ಹಳೆಮನೆಯೊಂದರ ಮಾಡಿನಲ್ಲಿ ಬಾಸೆಲ್ ಮಿಷನ್ (ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆ) ಮುದ್ರೆಯ, 1865 ಎಂಬ ಅಂಕಿಯ ಹಂಚುಗಳಿವೆ. ನಿಜಕ್ಕೂ ಅಷ್ಟು ಹಳೆಯವೇ? ಒಡೆದವುಗಳ ಜಾಗಕ್ಕೆ ಈಗಿನ ಹಂಚು ಹೊಂದುತ್ತದೆಯೇ?

ನೇತ್ರಾವತಿ_ದಂಡೆ: ಅಲ್ಲ. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ವರ್ಷ ಅದು. ಅಚ್ಚಿನಲ್ಲೇ ಕೆತ್ತಿದ್ದರಿಂದ ಮುಂದೆ ದಶಕಗಟ್ಟಲೆ ಅದೇ ಅಂಕಿ ಮೂಡಿತು. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ನಂಟಿನ ಕಾರಣಕ್ಕೆ ಬ್ರಿಟಿಷರು ಕಾರ್ಖಾನೆಗಳನ್ನು ವಶಕ್ಕೆ ಪಡೆದರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಹೋದವು. ಹಾಗಾಗಿ ನಿಮ್ಮವು ಬಹುಶಃ ಅದಕ್ಕಿಂತ ಹಿಂದಿನವು, ಅಷ್ಟನ್ನೇ ಹೇಳಬಹುದು. ಗುಜರಿಯವರು '1865ರ ಮಾಲು' ಎಂದು ದುಪ್ಪಟ್ಟು ಬೆಲೆ ಹೇಳಿದರೆ ನಂಬಬೇಡಿ.

ಆವೆಮಣ್ಣು: ಕಾರ್ಖಾನೆಗಳೆಲ್ಲ ಹೊಳೆಬದಿಯಲ್ಲೇ ಯಾಕಿದ್ದವೆಂದರೆ ಮಣ್ಣು ಬರುತ್ತಿದ್ದುದು ದೋಣಿಯಲ್ಲಿ. ರಾಶಿ ಹಾಕಿ ಹದವಾಗಲು ಬಿಟ್ಟು, ಅರೆದು, ಹಲಗೆಯಂತೆ ಕೊಯ್ದು, ಅಂಟದಿರಲೆಂದು ಎಣ್ಣೆ ಸವರಿ ತಿರುಪಿನ ಒತ್ತುಯಂತ್ರಕ್ಕೆ ಇಡುತ್ತಿದ್ದರು. ಹೆಚ್ಚಾದ ಅಂಚು ಕತ್ತರಿಸಿದ ಮೇಲೆ ಒಣಗಿಸುವುದು ನೆರಳಲ್ಲೇ. ಬಿಸಿಲು, ಗಾಳಿ ನೇರ ತಾಗಿದರೆ ಅಂಚು ಮೊದಲು ಒಣಗಿ ಕುಗ್ಗುತ್ತದೆ, ನಡು ಇನ್ನೂ ಹಸಿ, ಹಂಚು ಸೊಟ್ಟಗಾಗುತ್ತದೆ. ಅಷ್ಟುದ್ದದ, ಅಟ್ಟಣೆ ಮೇಲೆ ಅಟ್ಟಣೆಯ ಶೆಡ್ಡುಗಳು ಇದಕ್ಕೇ. ಹಲವೆಡೆ ಅಟ್ಟಣೆ ಹಂಚು ಸುಡುವ ಗೂಡಿನ ಮೇಲೆಯೇ ಇರುತ್ತಿತ್ತು, ಪೋಲಾಗುವ ಶಾಖವೂ ದಕ್ಕುತ್ತಿತ್ತು.

ಗೂಡಿನಲ್ಲಿ ಮೊದಲು ಸಣ್ಣ ಬೆಂಕಿ. ಉಳಿದ ನೀರು ಆವಿಯಾಗುವ ಮುನ್ನ ಬೆಂಕಿ ಏರಿಸಿದರೆ ಹಂಚು ಸಿಡಿಯುತ್ತದೆ. ಮಣ್ಣಿನಲ್ಲಿ ಸುಣ್ಣದ ಹರಳಿದ್ದರೆ ಗೂಡಿನಲ್ಲಿ ಏನೂ ತಿಳಿಯುವುದಿಲ್ಲ. ಆಮೇಲೆ ಆ ಹರಳು ನೀರು ಕುಡಿದು ಉಬ್ಬಿ, ಹಂಚಿನ ಮೈಯಿಂದ ಚಕ್ಕೆ ಎದ್ದಾಗಲೇ ಗೊತ್ತಾಗುವುದು.

ರೀಪು_ಪಕ್ಕಾಸು: ಎರಡನೇ ಪ್ರಶ್ನೆಗೆ: ಅಳತೆ ಒಂದೇ ಇದ್ದರೂ ಸಾಲದು. ಈ ಹಂಚುಗಳು ತೋಡು-ಏಣುಗಳಿಂದ ಒಂದಕ್ಕೊಂದು ಕಚ್ಚಿಕೊಳ್ಳುವಂಥವು (ಮೂಲ ಫ್ರಾನ್ಸಿನ ಗಿಲಾರ್ಡೋನಿ ಸೋದರರ ವಿನ್ಯಾಸ). ಕಾರ್ಖಾನೆ ಬದಲಾದರೆ ಅಚ್ಚೂ ಬದಲು. ಒಂದೆರಡು ಮಿಲಿಮೀಟರ್ ಎದ್ದು ನಿಂತರೂ ಅಡ್ಡಮಳೆ ಒಳಗೆ ಬರುತ್ತದೆ. ಹಳೆಯವನ್ನೆಲ್ಲ ಮಳೆ ಹೊಡೆಯುವ ಪಡುದಿಕ್ಕಿನ ಇಳಿಜಾರಿಗೆ ಒಟ್ಟು ಮಾಡಿ, ಹೊಸತನ್ನು ಇನ್ನೊಂದು ಇಳಿಜಾರಿಗೆ ಪೂರ್ತಿ ಹೊದಿಸಿ. ಬೆರಕೆ ಬೇಡ. ಹೊಸ ಹಂಚಿನ ಹಿಂಬದಿಯ ಗುಬಟು (ಸಿಕ್ಕಿಸುವ ಉಬ್ಬು) ಹಳೆಯ ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿಗೆ) ಸರಿಯಾಗಿ ಕೂರದಿದ್ದರೆ ಆ ಬದಿಯ ರೀಪು ಕಿತ್ತು ಅಂತರ ಮರುಹೊಂದಿಸಬೇಕು. ಅರ್ಧಂಬರ್ಧ ಸಿಕ್ಕಿಸಿಟ್ಟರೆ ಗಾಳಿಗೆ ಜಾರುತ್ತದೆ. 100 ಚದರಡಿಗೆ ಸುಮಾರು 150 ಹಂಚು, ಒಡೆಯುವುದಕ್ಕೆಂದು ಸ್ವಲ್ಪ ಹೆಚ್ಚಿಗೆ ತರಿಸಿ.

ಮಾಡಿನಡಿ: ಹಳೆಯದರಲ್ಲಿ ಯಾವುದು ಉಳಿಸಬಹುದು ಎಂದು ನೋಡುವುದು ಹೇಗೆ?

ಆವೆಮಣ್ಣು: ಬೆರಳಗೆಣ್ಣಿನಿಂದ ತಟ್ಟಿ. ಕಣಕಣ ಎಂದರೆ ಇಟ್ಟುಕೊಳ್ಳಿ, ಬೊದ್ದು ಸದ್ದಾದರೆ ಸೀಳಿದೆ ಅಥವಾ ಬೆಂದಿಲ್ಲ. ಅನುಮಾನವಿದ್ದರೆ ಒಣಗಿಸಿ ತೂಗಿ, 24 ಗಂಟೆ ನೆನೆಸಿ ಮತ್ತೆ ತೂಗಿ. 2.5 ಕಿಲೋದ ಹಂಚು ಅರ್ಧ ಕಿಲೋಕ್ಕಿಂತ ಹೆಚ್ಚು ನೀರು ಕುಡಿದರೆ ದನದ ಕೊಟ್ಟಿಗೆಯ ಮಾಡಿಗೆ ಹಾಕಿ.