ಬರ್ಮಿಂಗ್‌ಹ್ಯಾಮ್–ಲಂಡನ್ ಒಂದೇ ದಾರಿಗೆ ಮೂರು ಕಂಪನಿ ಟ್ರೈನು, ಅಪ್ಪ ಅಮ್ಮನ್ನ ಯಾವುದ್ರಲ್ಲಿ ಕರ್ಕೊಂಡು ಹೋಗ್ಲಿ?

ದಾವಣಗೆರೆ_ಬೆಣ್ಣೆ:
ಎಲ್ರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮ ಊರಿಂದ ಬರ್ತಿದಾರೆ, ಒಂದು ಶುಕ್ರವಾರ ರಜೆ ಹಾಕಿ ಇಬ್ಬರನ್ನೂ ಲಂಡನ್‌ಗೆ ಕರ್ಕೊಂಡು ಹೋಗಿ ಥೇಮ್ಸ್ ದಂಡೆ ಮೇಲಿರೋ ಬಸವಣ್ಣನ ಮೂರ್ತಿ ತೋರಿಸ್ಬೇಕು, ಅಪ್ಪ ಅದೊಂದೇ ಕೇಳಿರೋದು. ಆ್ಯಪ್ ತೆಗೆದ್ರೆ ಅವಂತಿ, ಚಿಲ್ಟರ್ನ್, ಲಂಡನ್ ನಾರ್ತ್‌ವೆಸ್ಟರ್ನ್ ಅಂತ ಮೂರು ಹೆಸರು, ಮೂರಕ್ಕೂ ರೇಟು ಬೇರೆ, ಲಂಡನ್‌ನಲ್ಲಿ ಇಳಿಸೋ ಸ್ಟೇಷನ್ನೂ ಬೇರೆ. ಹೋದ ವರ್ಷ ಬೇರೆ ಊರಿಗೆ ಹೋಗೋವಾಗ ಒಂದು ಕಂಪನಿ ಟಿಕೆಟ್ ಇಟ್ಕೊಂಡು, ಅದೇ ಪ್ಲಾಟ್‌ಫಾರ್ಮ್‌ಗೆ ಮೊದ್ಲು ಬಂತಲ್ಲ ಅಂತ ಇನ್ನೊಂದು ಕಂಪನಿ ಟ್ರೈನ್ ಹತ್ತಿ, ಪೂರ್ತಿ ದುಡ್ಡು ಕೊಟ್ಟು ಹೊಸ ಟಿಕೆಟ್ ತಗೊಂಡಿದ್ದೆ. ಈ ಸಲ ಅಪ್ಪನ ಮುಂದೆ ಆ ಮರ್ಯಾದೆ ಬೇಡ. ಅಪ್ಪಂಗೆ 64, ಅಮ್ಮಂಗೆ 58.

ಮಂಡ್ಯ_ಹೈದ:
ಅಕ್ಕ, ಟೈಮ್ ಉಳೀಬೇಕು ಅಂದ್ರೆ ಅವಂತಿ, ನ್ಯೂ ಸ್ಟ್ರೀಟಿಂದ ಯೂಸ್ಟನ್‌ಗೆ ಒಂದೂ ಕಾಲು ಗಂಟೆ ಮೇಲೆ ಸ್ವಲ್ಪ. ಚಿಲ್ಟರ್ನ್ ಮೂರ್ ಸ್ಟ್ರೀಟಿಂದ ಮಾರಿಲ್‌ಬೋನ್‌ಗೆ, ಎರಡು ಗಂಟೆ ಹತ್ರ ಹಿಡಿಯುತ್ತೆ. ನಾರ್ತ್‌ವೆಸ್ಟರ್ನ್ ಇನ್ನೂ ನಿಧಾನ, ಸಾಮಾನ್ಯವಾಗಿ ಅದೇ ಅಗ್ಗ. ಅಡ್ವಾನ್ಸ್ ಟಿಕೆಟ್ ತಗೊಂಡ್ರೆ ಅದ್ರಲ್ಲಿ ಬರೆದಿರೋ ಟ್ರೈನೇ ಹತ್ಬೇಕು, ಹಿಂದಿಂದೂ ಇಲ್ಲ ಮುಂದಿಂದೂ ಇಲ್ಲ. ಆಫ್-ಪೀಕ್, ಅಂದ್ರೆ ರಷ್ ಇಲ್ದಿರೋ ಹೊತ್ತಿನ ಟಿಕೆಟ್ ಆದ್ರೆ ಸ್ವಲ್ಪ ಸಡಿಲ, ಆದ್ರೂ ಟಿಕೆಟ್ ಮೇಲೆ ಕಂಪನಿ ಹೆಸರು ಹಾಕಿ 'ಓನ್ಲಿ' ಅಂತಿದ್ಯಾ ನೋಡ್ಕೊಳ್ಳಿ, ನಿಮಗೆ ಹೋದ್ಸಲ ಕೈ ಕೊಟ್ಟಿದ್ದು ಅದೇ ಇರ್ಬೇಕು.
ಇಬ್ಬರಿಗೂ ಸೇರಿ ಟೂ ಟುಗೆದರ್ ರೈಲ್‌ಕಾರ್ಡ್ ಮಾಡ್ಸಿ, 35 ಪೌಂಡ್, ಮೂರನೇ ಒಂದು ಭಾಗ ಕಡಿಮೆ ಆಗುತ್ತೆ. ಸೀನಿಯರ್ ಕಾರ್ಡ್‌ಗೆ 60 ಆಗಿರ್ಬೇಕು, ಅಮ್ಮಂಗೆ ಬರಲ್ಲ.

ಕೋವೆಂಟ್ರಿ_ಕಾಕಾ:
ತಮ್ಮಾ, ಮೂರು ಮಂದಿ ಹೊಂಟಾರಲ್ಲೋ, ಆ ಕಾರ್ಡ್ ಇಬ್ಬರಿಗಷ್ಟ ಆಗ್ತದ, ತಂಗಿದ್ದು ಟಿಕೆಟ್ ಪೂರ್ತಿನ ಉಳೀತು. ಮ್ಯಾಲೆ ವಾರದ ದಿನ ಮುಂಜಾನೆ 9:30ರ ಮೊದಲ ಅದು ನಡ್ಯಂಗಿಲ್ಲ. ಗ್ರೂಪ್‌ಸೇವ್ ನೋಡ್ರಿ ತಂಗಿ, 3ರಿಂದ 9 ಮಂದಿ ಕೂಡಿ ಹೊಂಟ್ರ ಆಫ್-ಪೀಕ್ ಟಿಕೆಟ್‌ನ್ಯಾಗ ಅದ ಮೂರನೇ ಒಂದು ಪಾಲು ಬಿಡ್ತಾರ, ಕಾರ್ಡೂ ಬ್ಯಾಡ, ರೊಕ್ಕಾನೂ ಬ್ಯಾಡ. ಎಲ್ಲಾ ಕಂಪನ್ಯಾಗ ಇಲ್ಲ, ಚಿಲ್ಟರ್ನ್‌ನ್ಯಾಗ ಐತಿ. ಕಂಪನಿ ಸೈಟಿನ್ಯಾಗ ತಗೊಂಡ್ರ ಬುಕಿಂಗ್ ಫೀ ಇರಂಗಿಲ್ಲ.
ಅವ್ವಾರಿಗೆ ಗಾಡ್ಯಾಗ ಹೊಟ್ಟಿ ತೊಳಸ್ತದೇನು? ಅವಂತಿಯವರ ಪೆಂಡೊಲಿನೋ ತಿರುವಿನ್ಯಾಗ ವಾಲ್ತದ, ನಮ್ಮನಿಯಾಕಿ ಒಮ್ಮೆ ಹತ್ತಿದಾಕಿ ಮತ್ತ ಅದರ ಹೆಸರ ಎತ್ತಿಲ್ಲ.

ದಾವಣಗೆರೆ_ಬೆಣ್ಣೆ:
ಅಯ್ಯೋ ಕಾಕಾ, ಅಮ್ಮಂಗೆ ಆಗುಂಬೆ ಘಾಟಿ ಅಂದ್ರೇನೇ ಕೈಲಿ ನಿಂಬೆಹಣ್ಣು. ಹಂಗಾದ್ರೆ ಚಿಲ್ಟರ್ನೇ. ಆದ್ರೆ ಒಂದೇ ಹಳಿ ಮೇಲೆ ಇಷ್ಟೊಂದು ಕಂಪನಿ ಯಾಕೆ? ನಮ್ಮೂರಲ್ಲಿ ರೈಲು ಅಂದ್ರೆ ರೈಲ್ವೆ, ಮುಗೀತು.

ಹಳಿ_ಹುಚ್ಚ:
ಚಿಲ್ಟರ್ನ್ ಹಳೀನೇ ಬೇರೆ, ಅದು ಬ್ಯಾನ್‌ಬರಿ ಕಡೆಯಿಂದ ಬರುತ್ತೆ, ಪೂರ್ತಿ ಕರೆಂಟ್ ಲೈನ್ ಇಲ್ದೇ ಇರೋದ್ರಿಂದ ಡೀಸೆಲ್ ಗಾಡಿ. ಉಳಿದೆರಡು ಯೂಸ್ಟನ್ ಲೈನ್.
ಇಲ್ಲೂ ಮೊದ್ಲು ಬ್ರಿಟಿಷ್ ರೈಲ್ ಅಂತ ಒಂದೇ ಇತ್ತು, 1993ರ ಕಾಯ್ದೆ ತಂದು ಒಡೆದು ಹಾಕಿದ್ರು. ಈಗ ಹಳಿ, ಸಿಗ್ನಲ್ ನೆಟ್‌ವರ್ಕ್ ರೈಲ್‌ದು, ಬೋಗಿಗಳು ಹೆಚ್ಚಾಗಿ ಏಂಜೆಲ್, ಪೋರ್ಟರ್‌ಬ್ರೂಕ್ ಥರದ ಬಾಡಿಗೆ ಕಂಪನಿಗಳ್ದು, ನಮಗೆ ಕಾಣೋ ಹೆಸರಿನೋರು ಬರೀ ಓಡಿಸೋರು, ಡ್ರೈವರ್ರು ಗಾರ್ಡು ಯೂನಿಫಾರ್ಮು ಅವರ್ದು ಅಷ್ಟೇ. ಸರ್ಕಾರ ಈ ಓಡಿಸೋ ಕೆಲಸಾನ ಕಂಪನಿಗಳಿಗೆ ಗುತ್ತಿಗೆ ಕೊಡ್ತಿದ್ದ ಫ್ರಾಂಚೈಸಿ ಪದ್ಧತಿ ಕೋವಿಡ್‌ನಲ್ಲಿ ಜನ ಹತ್ತದೇ ಮಕಾಡೆ ಮಲಗ್ತು. ಈಗ ಒಂದೊಂದೇ ಸರ್ಕಾರದ ಕೈಗೆ ವಾಪಸ್ ಬರ್ತಿವೆ. ಎಡಿನ್‌ಬರಾಗೆ ಓಡೋ ಎಲ್‌ಎನ್‌ಇಆರ್ 2018ರಿಂದಲೇ ಸರ್ಕಾರದ್ದು, ಹಿಂಗೆ ವಾಪಸ್ ತಗೊಳ್ಳೋಕೆ ಮಾಡಿದ 2024ರ ಕಾನೂನು ಬಂದ್ಮೇಲೆ ಮೊದ್ಲು ಹೋಗಿದ್ದು ಸೌತ್ ವೆಸ್ಟರ್ನ್, 2025ರ ಮೇ 25ಕ್ಕೆ, ಆಮೇಲೆ ಸಿ2ಸಿ, ಗ್ರೇಟರ್ ಆಂಗ್ಲಿಯಾ. ಟಿಕೆಟ್ ರೇಟು ಅದರಿಂದಲೇ ಇಳಿಯುತ್ತೆ ಅಂತ ಕಾಯ್ಬೇಡಿ.

ಮಂಡ್ಯ_ಹೈದ:
ಕಾಕಾ ಹೇಳಿದ್ದೇ ಸರಿ, ಗ್ರೂಪ್‌ಸೇವ್ ನಂಗೆ ಹೊಳೀಲಿಲ್ಲ. ಅಕ್ಕ, ಮಾರಿಲ್‌ಬೋನ್‌ನಲ್ಲಿ ಇಳಿದು ಬೇಕರ್‌ಲೂ ಲೈನ್ ಮೆಟ್ರೋ ಹಿಡಿದ್ರೆ ಲ್ಯಾಂಬೆತ್ ನಾರ್ತ್‌ವರೆಗೂ ಬದಲಾಯಿಸೋ ಗೋಜಿಲ್ಲ, ಅಲ್ಲಿಂದ ನದಿ ಕಡೆ ನಡೆದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಆ ಸ್ಟೇಷನ್‌ನಲ್ಲಿ ಲಿಫ್ಟ್ ಇದ್ರೂ ಕೆಲವು ಮೆಟ್ಟಿಲು ಸಿಗುತ್ತೆ, ಅಪ್ಪನ ಮಂಡಿ ನೋಡ್ಕೊಳ್ಳಿ. ಟ್ರೈನ್ ಅರ್ಧ ಗಂಟೆ ಲೇಟಾದ್ರೆ ಡಿಲೇ ರಿಪೇ ಹಾಕಿ, ಅರ್ಧ ದುಡ್ಡು ವಾಪಸ್, ಒಂದು ಗಂಟೆ ದಾಟಿದ್ರೆ ಪೂರ್ತಿ. 28 ದಿನದೊಳಗೆ ಹಾಕ್ಬೇಕು, ಟಿಕೆಟ್ ಫೋಟೋ ಇಟ್ಕೊಂಡಿರಿ.

ದಾವಣಗೆರೆ_ಬೆಣ್ಣೆ:
ಈಗಷ್ಟೇ ವಿಡಿಯೋ ಕಾಲ್‌ನಲ್ಲಿ ಅಪ್ಪಂಗೆ ಎಲ್ಲ ವಿವರಿಸಿದೆ. ಲೇಟಾದ್ರೆ ದುಡ್ಡು ವಾಪಸ್ ಕೊಡ್ತಾರೆ ಅಂದಿದ್ದನ್ನ ಮಾತ್ರ ನಂಬ್ಲಿಲ್ಲ, ಎರಡು ಸಲ ಕೇಳಿದ್ರು. ಅಮ್ಮ ಎರಡು ಗಂಟೆ ಪ್ರಯಾಣ ಅಂತಿದ್ದಂಗೇ ಮಂಡಕ್ಕಿ ಎಷ್ಟು ತರ್ಲಿ ಅಂದ್ಲು.

ಕೋವೆಂಟ್ರಿ_ಕಾಕಾ:
ಕೋವೆಂಟ್ರಿಗೆ ಒಂದು ಪಾಕೀಟು ಕಳಸ್ರಿ.