ಸಹಾಯ ಬೇಕು: ನವಾಹೋ ಪತ್ತೇದಾರಿ ಕಾದಂಬರಿಯಲ್ಲಿ ಬೆಟ್ಟ, ಕಯೋಟಿ

ಎಲ್ಲರಿಗೂ ನಮಸ್ಕಾರ. ಟೋನಿ ಹಿಲ್ಲರ್‌ಮನ್ 1990ರಲ್ಲಿ ಬರೆದ, ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ನಡುವೆ ನಡೆಯುವ ‘ಕಯೋಟಿ ವೇಟ್ಸ್’ ಓದಿದವರು ಯಾರಾದರೂ ಇದ್ದೀರಾ? ಮುಂದಿನ ಭಾನುವಾರ ನಮ್ಮ ಓದುಗರ ಕೂಟದಲ್ಲಿ ನಾನು ಇದರ ಬಗ್ಗೆ ಮಾತಾಡಬೇಕು. ಕೊಲೆ, ತನಿಖೆ ಎಲ್ಲ ಅರ್ಥವಾಯಿತು. ಸಿಕ್ಕಿಬಿದ್ದಿರುವುದು ಪ್ರಾಣಿ ಮತ್ತು ಬೆಟ್ಟಗಳಲ್ಲಿ.

ಮೊದಲು ಕಯೋಟಿ, ಅಂದರೆ ಉತ್ತರ ಅಮೆರಿಕದ ನರಿ-ತೋಳದಂಥ ಕಾಡುಪ್ರಾಣಿ. ನಮ್ಮಲ್ಲಿ ಅದೃಷ್ಟ ಖುಲಾಯಿಸಿದರೆ ‘ಬೆಳಿಗ್ಗೆ ನರಿ ಮುಖ ನೋಡಿದ್ಯಾ?’ ಅಂತೀವಿ ಅಲ್ವಾ? ನವಾಹೋಗಳಲ್ಲಿ ಕಯೋಟಿ ದಾರಿಗೆ ಅಡ್ಡ ಬಂದರೆ ಅಪಶಕುನ. ಅವರ ಕಥೆಯಲ್ಲಿ ನಕ್ಷತ್ರಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಾಗ ತಾಳ್ಮೆ ಕೆಟ್ಟು ಉಳಿದದ್ದನ್ನೆಲ್ಲ ಆಕಾಶಕ್ಕೆ ಎರಚಿದ್ದು ಇದೇ ಕಯೋಟಿ! ಹಾಗಾದರೆ ಕಾದಂಬರಿಯಲ್ಲಿ ಅದು ಕೆಡುಕೋ, ಅಥವಾ ಸುಮ್ನೆ ಗೊಂದಲವೋ? ಗೂಬೆ ವಿಷಯದಲ್ಲಿ ಮಾತ್ರ ನಾವೂ ಅವರೂ ಒಂದೇ.

ಇನ್ನು ಶಿಪ್‌ರಾಕ್. ನ್ಯೂ ಮೆಕ್ಸಿಕೋದ ಬಯಲಿನಲ್ಲಿ ಸುಮಾರು 480 ಮೀಟರ್ ಎದ್ದು ನಿಂತ ಬಂಡೆ. ನವಾಹೋ ಹೆಸರಿಗೆ ‘ರೆಕ್ಕೆಯಿರುವ ಬಂಡೆ’ ಎಂದರ್ಥ. ಕಾದಂಬರಿಯಲ್ಲಿ ಅಲ್ಲೇ ಹತ್ತಿರ ಯಾರೋ ಕಪ್ಪು ಲಾವಾ ಬಂಡೆಗಳಿಗೆ ಬಿಳಿ ಬಣ್ಣ ಬಳಿಯುತ್ತಿರುತ್ತಾರೆ. ನವಾಹೋಗಳಿಗೆ ಬಿಳಿ ಪೂರ್ವದ ಬಣ್ಣ, ಕಪ್ಪು ಉತ್ತರದ್ದು. ಲೇಖಕರು ಇದನ್ನು ಬೇಕೆಂದೇ ಇಟ್ಟರಾ, ನಾನೇ ಜಾಸ್ತಿ ಯೋಚಿಸುತ್ತಿದ್ದೇನಾ? ನನಗಂತೂ ಎರಡನೆಯದೇ ಅನುಮಾನ.

ಹಿಲ್ಲರ್‌ಮನ್ ಸ್ವತಃ ನವಾಹೋ ಅಲ್ಲ. ಹಾಗಾಗಿ ನವಾಹೋ ಲೇಖಕರೇ ಈ ಬಗ್ಗೆ ಬರೆದಿದ್ದು ಗೊತ್ತಿದ್ದರೆ ದಯವಿಟ್ಟು ಹೇಳಿ. ಶುಕ್ರವಾರದೊಳಗೆ ಸಿಕ್ಕರೆ ತುಂಬಾ ಉಪಕಾರ.