ಹಾಲ್ ಅಂಡ್ ನೈಟ್, ಎಸ್ ಎಲ್ ಲೋನಿ ಎಲ್ಲಾ ಈಗ್ಲೂ ಮಾಡ್ಬೇಕಾ? ಜೆಇಇ + ಸಿಇಟಿ

ಶಿವಮೊಗ್ಗ_ಪಿಸಿಎಂ:
ಎಲ್ರಿಗೂ ನಮಸ್ಕಾರ, ಫಸ್ಟ್ ಪಿಯು ಮುಗೀತು, ಈಗ ಸೆಕೆಂಡ್ ಪಿಯು. ನಮ್ ಸೋದರಮಾವ ಇಂಜಿನಿಯರು, ಮನೆಗೆ ಬಂದಾಗೆಲ್ಲಾ "ಹಾಲ್ ಅಂಡ್ ನೈಟ್ ಮುಗ್ಸಿದ್ಯೇನೋ, ಲೋನಿ ತಗೊಂಡ್ಯೇನೋ" ಅಂತಾನೇ ಶುರು ಹಚ್ಕೋತಾರೆ, ಕೋಚಿಂಗಲ್ಲಿ ಸರ್ ನೋಡಿದ್ರೆ ಅಲ್ಲೇ ಕೊಡೋ ಮಾಡ್ಯೂಲ್ ಪುಸ್ತಕ ಬಿಟ್ಟು ಬೇರೆ ಏನೂ ಮುಟ್ಬೇಡಿ ಅಂತಾರೆ. ಹಾಲ್ ಅಂಡ್ ನೈಟ್ ಅನ್ನೋ ಇಬ್ರು ಬರೆದ ಹೈಯರ್ ಆಲ್ಜೀಬ್ರಾ ಬಂದಿದ್ದು 1887 ಅಂತೆ, ಲೋನಿ ಟ್ರಿಗ್ನಾಮೆಟ್ರಿ 1893. ಇಷ್ಟು ಹಳೇ ಪುಸ್ತಕನ ನಮ್ಮೋರು ಇನ್ನೂ ಯಾಕ್ ಬಿಡ್ತಿಲ್ಲ? ನಿಜವಾಗ್ಲೂ ಯೂಸ್ ಇದ್ಯಾ ಇಲ್ಲಾ ಬರೀ ದೊಡ್ಡೋರ ಸೆಂಟಿಮೆಂಟಾ?

ಚಾಕ್‌ಪೀಸ್:
ಪಿಯು ಮಕ್ಳಿಗೆ ಪಾಠ ಮಾಡೋನು ನಾನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ. ಹೈಯರ್ ಆಲ್ಜೀಬ್ರಾ ಸಿಕ್ಕಿದ್ರೆ ಕೊನೇಲಿರೋ ಮಿಸಲೇನಿಯಸ್ ಎಕ್ಸಾಂಪಲ್ಸ್ ತೆಗೆದು ನೋಡಿ, 300 ಲೆಕ್ಕ ಇದಾವೆ, ಎಷ್ಟೋ ಲೆಕ್ಕದ ಪಕ್ಕ ಬ್ರಾಕೆಟಲ್ಲಿ ಅದು ಯಾವ ಪರೀಕ್ಷೆದು ಅಂತ ಹಾಕಿರ್ತಾರೆ. ಮ್ಯಾಥ್ ಟ್ರೈಪಾಸ್, ಆರ್ ಎಂ ಎ ವುಲಿಚ್, ಇಂಡಿಯಾ ಸಿ ಎಸ್. ಟ್ರೈಪಾಸ್ ಅಂದ್ರೆ ಕೇಂಬ್ರಿಜ್ ಡಿಗ್ರಿ ಪರೀಕ್ಷೆ, ವುಲಿಚ್ ಅಂದ್ರೆ ಬ್ರಿಟಿಷ್ ಆರ್ಮಿಗೆ ಫಿರಂಗಿ ಆಫೀಸರ್ಸು ಇಂಜಿನಿಯರ್ಸನ್ನ ತಯಾರು ಮಾಡ್ತಿದ್ದ ಅಕಾಡೆಮಿ, ಇಂಡಿಯಾ ಸಿ ಎಸ್ ಅಂದ್ರೆ ನಮ್ಮನ್ನ ಆಳೋಕೆ ಬರೋ ಸಾಹೇಬ್ರನ್ನ ಆರಿಸ್ತಿದ್ದ ಪರೀಕ್ಷೆ. ಹಾಲ್ ಅನ್ನೋರು ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜ್ ಅನ್ನೋ ಸ್ಕೂಲಲ್ಲಿ ಮಿಲಿಟರಿ ಅಂಡ್ ಇಂಜಿನಿಯರಿಂಗ್ ಸೈಡ್ ಮೇಷ್ಟ್ರು, ಅಂದ್ರೆ ಹುಡುಗರನ್ನ ಎಂಟ್ರೆನ್ಸಿಗೆ ರೆಡಿ ಮಾಡೋದೇ ಅವ್ರ ಕೆಲ್ಸ. ಇವತ್ತಿನ ಕೋಚಿಂಗ್ ಮಾಡ್ಯೂಲೇ ತಾನೆ ಅದು, ರಟ್ಟಿನ ಬೈಂಡಲ್ಲಿ! ಸೀಟು ಕಮ್ಮಿ, ಜನ ಜಾಸ್ತಿ, ಸೋಸ್ಬೇಕು, ಅವಾಗ್ಲೂ ಇದೇ ಕಥೆ ಈಗ್ಲೂ ಇದೇ ಕಥೆ. ಅದಕ್ಕೇ ಆ ಲೆಕ್ಕ ಜೆಇಇಗೆ ಇನ್ನೂ ಒಗ್ಗುತ್ತೆ, ಬ್ರಿಟಿಷರು ಬರೆದ್ರು ಅಂತಲ್ಲ.

ಒಂದೇ ಒಂದು ಉದಾಹರಣೆ. ಮೊದಲ್ನೇ ಚಾಪ್ಟರು ರೇಶಿಯೋ. ಎ ಬೈ ಬಿ, ಸಿ ಬೈ ಡಿ, ಇ ಬೈ ಎಫ್ ಮೂರೂ ಸಮ ಅಂದ್ರೆ ಅದನ್ನ ಕೆ ಅಂತ ಇಟ್ಕೊಂಡು ಎಲ್ಲಾನೂ ಕೆಳಗಿನ ಅಕ್ಷರದಲ್ಲೇ ಬರ್ಕೊಳ್ಳಿ, ಎ ಅಂದ್ರೆ ಬಿ ಕೆ, ಸಿ ಅಂದ್ರೆ ಡಿ ಕೆ, ಅಷ್ಟೇ ಟ್ರಿಕ್ಕು. ಆಮೇಲೆ ಅದೇ ಟ್ರಿಕ್ಕನ್ನ ತಿರುಗಿಸಿ ಮುರುಗಿಸಿ ಲೆಕ್ಕದ ಮೇಲೆ ಲೆಕ್ಕ ಕೊಡ್ತಾರೆ, ಮೊದಲೆರಡು ಬಾಯಲ್ಲೇ ಆಗುತ್ತೆ, ಕೊನೆಗೆ ಬರೋ ಹೊತ್ತಿಗೆ ಕೆ ಎಲ್ಲಿ ಹಾಕ್ಬೇಕು ಅಂತ್ಲೇ ಗೊತ್ತಾಗಲ್ಲ. ಈ ಏರಿಸೋ ಕ್ರಮ ನಮ್ ಈಗಿನ ಎಷ್ಟೋ ಗೈಡಲ್ಲಿ ಇಲ್ಲ, 50 ಲೆಕ್ಕ ಇದ್ರೆ 50ಕ್ಕೂ ಒಂದೇ ಅಚ್ಚು.

ಪೇಡಾ_ಪ್ರಿಯ:
ಸರ್ ಹೇಳಿದ್ದು ಖರೆ ಐತ್ರಿ, ಆದ್ರ ಸೆಂಟಿಮೆಂಟೂ ಭಾಳ ಐತಿ ಅದನ್ನ ಬಿಟ್ಟೇ ಬಿಟ್ರಲ್ಲ. ಮದ್ರಾಸು, ಬಾಂಬೆ, ಕಲ್ಕತ್ತಾ ಯುನಿವರ್ಸಿಟಿ 1857ರಾಗ ಲಂಡನ್ ಯುನಿವರ್ಸಿಟಿ ನೋಡ್ಕೊಂಡು ಕಟ್ಟಿದ್ವು, ಪುಸ್ತಕಾನೂ ಅಲ್ಲಿಂದ್ಲೇ ಬಂದ್ವು. ಅವನ್ನ ಓದಿದವ್ರು ಮಾಸ್ತರ್ ಆದ್ರು, ಅವ್ರ ಶಿಷ್ಯಾರು ಮುಂದ ಪೇಪರ್ ತಗಿಯಾಕ ಕುಂತ್ರು, ಪೇಪರಿನ್ಯಾಗ ಅದ ಲೆಕ್ಕ ಬಂದ್ವು, ಮತ್ತ ಹುಡುಗ್ರು ಅದ ಪುಸ್ತಕ ಕೊಂಡ್ರು. ಹಿಂಗ ಸುತ್ತು ಹಾಕ್ಕೋತ ಬಂದೈತಿ. ಮ್ಯಾಲ ರಾಮಾನುಜನ್ ಹೆಸರು ಬ್ಯಾರೆ, ಲೋನಿ ಓದಿದ್ರು, ಕಾರ್ ಅನ್ನೋರು ಬರೆದ ಸಿನಾಪ್ಸಿಸ್ ಅನ್ನೋ ಗಣಿತದ ಪುಸ್ತಕ ಓದಿದ್ರು ಅಂತ. ಅವ್ರು ಓದಿದ್ದು ಖರೆ, ಆದ್ರ ಅದನ್ನ ಕೇಳಿ ಪುಸ್ತಕ ಕೊಂಡ್ರ ನಾವೇನು ರಾಮಾನುಜನ್ ಆಗ್ತೀವೇನ್ರಿ 😀 ತಮ್ಮಾ, ಸಿಇಟಿಯೊಳಗ ಮ್ಯಾಥ್ಸ್ 60 ಪ್ರಶ್ನೆ, 80 ನಿಮಿಷ. ಅಲ್ಲಿ ಲೋನಿ ಅಂಥ ಉದ್ದನ್ನ ಪ್ರೂಫ್ ಯಾರೂ ಕೇಳಂಗಿಲ್ಲ. ಬರೇ ಸಿಇಟಿ ಇದ್ರ ಎನ್‌ಸಿಇಆರ್‌ಟಿ ಮಾಡು, ಹಳೇ ಪೇಪರ್ ಮಾಡು, ಮಾವಗ "ಹೂಂ ಮಾಮಾ" ಅನ್ನು ಸಾಕು.

ಎವೆನ್ಯೂರೋಡ್_ಹುಳ:
ರೇಟಿನ್ ವಿಷ್ಯ ಯಾರೂ ಎತ್ಲೇ ಇಲ್ಲ? ಬರೆದೋರು ತೀರ್ಕೊಂಡು 60 ವರ್ಷ ದಾಟಿದ್ರೆ ಇಲ್ಲಿ ಕಾಪಿರೈಟ್ ಇರಲ್ಲ, ಯಾರ್ ಬೇಕಾದ್ರೂ ಪ್ರಿಂಟ್ ಹಾಕ್ಬೋದು, ಅದಕ್ಕೇ ಒಂದೊಂದಕ್ಕೂ ನಾಲ್ಕೈದು ಥರ ರೀಪ್ರಿಂಟು, ಸೆಕೆಂಡ್ ಹ್ಯಾಂಡಲ್ಲಿ ಇನ್ನೂ ಚೀಪು, ನೆಟ್ಟಲ್ಲಂತೂ ಸ್ಕ್ಯಾನ್ ಫ್ರೀ. ತಗೊಳೋ ಮುಂಚೆ ಒಳಗೆ ತೆಗೆದು ನೋಡಿ, ಕೆಲವು ರೀಪ್ರಿಂಟಲ್ಲಿ ಪವರ್, ಸಫಿಕ್ಸ್ ಅಂತ ಅಕ್ಷರದ ಮೇಲೆ ಕೆಳಗೆ ಹಾಕೋ ಸಣ್ಣ ಅಂಕಿ ಎಲ್ಲಾ ಅಳಿಸಿ ಹೋಗಿ ಎರಡೋ ಮೂರೋ ಗೊತ್ತೇ ಆಗಲ್ಲ.

ಶಿವಮೊಗ್ಗ_ಪಿಸಿಎಂ:
ಥ್ಯಾಂಕ್ಸ್ ಎಲ್ರಿಗೂ. @ಚಾಕ್‌ಪೀಸ್ ಸರ್, ಸ್ಕ್ಯಾನ್ ತೆಗೆದು ನೋಡ್ದೆ, ಪರ್ಮ್ಯುಟೇಶನ್ ಚಾಪ್ಟರಲ್ಲಿ ಎನ್ ಅಕ್ಷರದ ಎಡಕ್ಕೂ ಕೆಳಗೂ ಗೆರೆ ಎಳೆದು ಎಲ್ ಥರ ಒಂದು ಸಿಂಬಲ್ ಇದೆ, ಏನ್ ಸರ್ ಅದು? ಲೋನಿಲಿ ಎಲ್ ಸೈನ್ ಅಂತ ಬೇರೆ ಬರುತ್ತೆ.

ಚಾಕ್‌ಪೀಸ್:
ಮೊದಲ್ನೇದು ಫ್ಯಾಕ್ಟೋರಿಯಲ್ಲೇ ಕಣಪ್ಪ, ಈಗ ಎನ್ ಮುಂದೆ ಆಶ್ಚರ್ಯ ಚಿಹ್ನೆ ಹಾಕ್ತೀವಲ್ಲ ಅದೇ, ಆಗ ಹಂಗ್ ಬರೀತಿದ್ರು. ಎಲ್ ಸೈನ್ ಅಂದ್ರೆ ಸೈನಿನ ಲಾಗರಿದಮ್ಮಿಗೆ 10 ಕೂಡಿಸಿದ್ದು, ಸೈನ್ 1ಕ್ಕಿಂತ ಕಮ್ಮಿ ಇದ್ರೆ ಲಾಗ್ ಮೈನಸ್ ಬರುತ್ತಲ್ಲ, ಟೇಬಲಲ್ಲಿ ಮೈನಸ್ ತಪ್ಪಿಸೋಕೆ ಹಂಗೆ ಮಾಡ್ತಿದ್ರು, ನಿನಗದು ಬೇಡ. ಲಾಗ್ ಟೇಬಲ್ ಇಟ್ಕೊಂಡು ತ್ರಿಕೋನ ಬಿಡಿಸೋ ಭಾಗ ಪೂರ್ತಿ ಬಿಡು, ಹಾಲ್ ಅಂಡ್ ನೈಟಲ್ಲಿ ಇಂಟ್ರೆಸ್ಟ್ ಅಂಡ್ ಆನ್ಯುಟೀಸ್, ಕಂಟಿನ್ಯೂಡ್ ಫ್ರಾಕ್ಷನ್ಸ್ ಬಿಡು, ಲೋನಿದೇ ಇನ್ನೊಂದು ಪುಸ್ತಕ ಕೋಆರ್ಡಿನೇಟ್ ಜಾಮೆಟ್ರಿಲಿ ಆಬ್ಲೀಕ್ ಆಕ್ಸಿಸ್, ಅಂದ್ರೆ ಓರೆ ಅಕ್ಷ, ಬಂದಲ್ಲೆಲ್ಲಾ ಹಾರಿಸ್ಕೊಂಡು ಹೋಗು. ಕ್ಯಾಲ್ಕುಲಸ್ಸು ವೆಕ್ಟರ್ಸು ಈ ಯಾವ ಪುಸ್ತಕದಲ್ಲೂ ಇಲ್ಲ, ಅದಕ್ಕೆ ನಿನ್ ಮಾಡ್ಯೂಲೇ ಗತಿ. ಕ್ವಾಡ್ರಾಟಿಕ್ಸ್, ಪರ್ಮ್ಯುಟೇಶನ್, ಬೈನಾಮಿಯಲ್, ಲೋನಿಲಿ ಪ್ಯಾರಾಬೋಲಾ, ಇಷ್ಟು ಭಾನುವಾರಕ್ಕೆ ಇಟ್ಕೋ. ಸಲ್ಯೂಶನ್ ಕೀ ಮಾತ್ರ ಡೌನ್‌ಲೋಡ್ ಮಾಡ್ಬೇಡ, ಹೈಯರ್ ಆಲ್ಜೀಬ್ರಾಗೆ ಹಾಲ್ ಅಂಡ್ ನೈಟೇ ಬರೆದಿದ್ದೂ ಇದೆ, ಕೈಗೆ ಸಿಕ್ತು ಅಂದ್ರೆ ಲೆಕ್ಕ ಮಾಡೋದು ಬಿಟ್ಟು ಓದೋಕೆ ಶುರು ಮಾಡ್ತೀಯ.

ಪೇಡಾ_ಪ್ರಿಯ:
ಪ್ಯಾರಾಬೋಲಾಕ್ಕ ನಂದೂ ಓಟ್ ರೀ ಸರ್. ಉಳಿದದ್ದು ಮಾಮಾನ ಕೂಡ ಕುಂತು ಮಾಡ್ಲಿ, ಅವ್ರಿಗೂ ಎಷ್ಟು ನೆನಪೈತಿ ಗೊತ್ತಾಗ್ಲಿ.